ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ತೋಳಿಗೆ ತಗಲುವ ಸೋಂಕು

ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ವರ್ಷಗಳೇ ಕಳೆದಿದ್ದರೂ, ಆ ಬದಿಯ ತೋಳು ಒಂದು ದಿನ ಇದ್ದಕ್ಕಿದ್ದಂತೆ ಕೆಂಪೇರಿ, ಬಿಸಿಯಾಗಿ, ನೋಯತೊಡಗಬಹುದು. ಜೊತೆಗೆ ಚಳಿಜ್ವರ. ಚರ್ಮ ಮತ್ತು ಅದರಡಿಯ ಅಂಗಾಂಶದ ಈ ಸೋಂಕಿಗೆ ವೈದ್ಯರು ಸೆಲ್ಯುಲೈಟಿಸ್ ಎನ್ನುತ್ತಾರೆ. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ಇಲ್ಲವೇ ಅಲ್ಲಿಗೆ ವಿಕಿರಣ ಕೊಟ್ಟಾಗ ತೋಳಿನ ದುಗ್ಧರಸ ಹರಿಯುವ ದಾರಿ ಕಿರಿದಾಗುತ್ತದೆ. ರಸ ನಿಂತು ಕೈ ಊದಿಕೊಳ್ಳಬಹುದು. ರೋಗಾಣುಗಳನ್ನು ಎದುರಿಸುವ ಜೀವಕೋಶಗಳ ಓಡಾಟವೂ ಕುಂಠಿತಗೊಳ್ಳುತ್ತದೆ. ಆಗ ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯಾ ನುಸುಳಲು ಉಗುರಿನ ಬದಿಯ ಸಣ್ಣ ಬಿರುಕೂ ಸಾಕು.

ಇದರ ಇತಿಹಾಸ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರ ಸುತ್ತ ಹೆಣೆದುಕೊಂಡಿದೆ. ಸ್ತನ, ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಮೂರನ್ನೂ ಒಟ್ಟಿಗೆ ತೆಗೆಯುವ ತಮ್ಮ ವಿಧಾನದ ಫಲಿತಾಂಶವನ್ನು ಅವರು 1894ರಲ್ಲಿ ಪ್ರಕಟಿಸಿದರು. ಗಡ್ಡೆ ಮರುಕಳಿಸುವುದು ಕಡಿಮೆಯಾಯಿತು. ಆದರೆ ಅನೇಕ ಮಹಿಳೆಯರ ತೋಳು ಊದಿಕೊಂಡಿತು. 1921ರಲ್ಲಿ ಹಾಲ್‌ಸ್ಟೆಡ್ ಈ ಊತದ ಬಗ್ಗೆಯೇ ಲೇಖನ ಬರೆದು, ಅದರ ಮೂಲದಲ್ಲಿ ಸೋಂಕಿದೆ ಎಂದು ವಾದಿಸಿದರು. ತಮ್ಮದೇ ಶಸ್ತ್ರಕ್ರಿಯೆಯ ದುಷ್ಪರಿಣಾಮವನ್ನು ಅಷ್ಟು ಗಂಭೀರವಾಗಿ ಪರಿಶೀಲಿಸಿದ್ದು ದೊಡ್ಡ ಮಾತು. ಊತವಿದ್ದರೆ ಸೋಂಕು ಸುಲಭ, ಸೋಂಕು ಬಂದುಹೋದರೆ ದುಗ್ಧನಾಳಗಳು ಇನ್ನಷ್ಟು ಹಾಳಾಗಿ ಊತ ಹೆಚ್ಚುತ್ತದೆ ಎಂಬ ವಿಷಚಕ್ರವನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ.

1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆ ಸೋಂಕನ್ನು ಹತ್ತಿಕ್ಕುವುದು ಸಾಧ್ಯವಾಯಿತು. ಅದು ಬರುವುದನ್ನೇ ಕಡಿಮೆ ಮಾಡುವ ಹೆಜ್ಜೆ ಬಿದ್ದದ್ದು ಶಸ್ತ್ರಕ್ರಿಯೆಯ ಕೋಣೆಯಲ್ಲಿ. ಅಮೆರಿಕದ ಶಸ್ತ್ರವೈದ್ಯ ಬರ್ನಾರ್ಡ್ ಫಿಶರ್ ಅವರ ಅಧ್ಯಯನಗಳು ಅಷ್ಟೆಲ್ಲ ಕತ್ತರಿಸಬೇಕಿಲ್ಲವೆಂದು ತೋರಿಸಿದವು. 1990ರ ದಶಕದಲ್ಲಿ ಅಮೆರಿಕದ ಅರ್ಮಾಂಡೊ ಜೂಲಿಯಾನೊ, ಇಟಲಿಯ ಉಂಬೆರ್ಟೊ ವೆರೊನೇಸಿ ಮೊದಲಾದವರು ಕ್ಯಾನ್ಸರ್ ಮೊದಲು ತಲುಪುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುವ ಕ್ರಮವನ್ನು ಬೆಳೆಸಿದರು. ಅವುಗಳಲ್ಲಿ ರೋಗವಿಲ್ಲದಿದ್ದರೆ ಉಳಿದವನ್ನು ಮುಟ್ಟಬೇಕಿಲ್ಲ.

ಊತ ಬರಬಹುದೆಂಬ ಭಯದಿಂದ, ಶಸ್ತ್ರಚಿಕಿತ್ಸೆಯಾದ ಬದಿಯ ಕೈಗೆ ಸೂಜಿ ಚುಚ್ಚಬಾರದು, ರಕ್ತದೊತ್ತಡದ ಪಟ್ಟಿ ಕಟ್ಟಬಾರದು ಎಂಬ ಕಟ್ಟಪ್ಪಣೆ ದಶಕಗಳ ಕಾಲ ನಡೆದುಬಂತು. ಬಾಸ್ಟನ್ನಿನಲ್ಲಿ 632 ಮಹಿಳೆಯರನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇವೆರಡಕ್ಕೂ ತೋಳಿನ ಊತಕ್ಕೂ ನಂಟು ಕಾಣಲಿಲ್ಲ; ಆದರೆ ಸೆಲ್ಯುಲೈಟಿಸ್‌ಗೂ ಊತಕ್ಕೂ ನಂಟು ಸ್ಪಷ್ಟವಾಗಿ ಕಂಡಿತು. ಮಹಿಳೆಯರು ಹೊತ್ತ ಭಯದಲ್ಲಿ ಎಷ್ಟೋ ಪಾಲು ಅನಗತ್ಯವಾಗಿತ್ತು. ಚರ್ಮ ಒಣಗಿ ಬಿರಿಯದಂತೆ ಎಣ್ಣೆ ಅಥವಾ ಕ್ರೀಮು ಹಚ್ಚುವುದು, ಗಾಯವಾದೊಡನೆ ತೊಳೆಯುವುದು, ಕೆಂಪು ಕಂಡ ದಿನವೇ ವೈದ್ಯರ ಬಳಿ ಹೋಗಿ ಆ್ಯಂಟಿಬಯೋಟಿಕ್ ಶುರು ಮಾಡುವುದು ಇಂದಿನ ಮುಖ್ಯ ಸಲಹೆಗಳು. ಸೋಂಕು ಪದೇ ಪದೇ ಮರಳುವವರಿಗೆ ಕಡಿಮೆ ಪ್ರಮಾಣದ ಪೆನಿಸಿಲಿನ್ ಅನ್ನು ತಿಂಗಳುಗಟ್ಟಲೆ ಕೊಡುವುದೂ ಉಂಟು.