ಪ್ರಶ್ನಾವಳಿ ಯಾರ ಕೈಯಲ್ಲಿ?

ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ ಮೂಗು, ತಲೆಬುರುಡೆ ಅಳೆಯುವ ಸಲಕರಣೆ ಹಿಡಿದು ವಯನಾಡಿಗೆ ಹೋದಾಗ ಪಣಿಯ ಹೆಂಗಸರು ಕಂಡವರೇ ಓಟ ಕಿತ್ತರಂತೆ. ತಮ್ಮಲ್ಲಿ ಮೈಕಟ್ಟು ಚೆನ್ನಾಗಿರುವವರನ್ನು ಹಿಡಿದು, ಒಳಗೆ ಹೊಟ್ಟು ತುಂಬಿಸಿ ಮ್ಯೂಸಿಯಂನಲ್ಲಿ ನಿಲ್ಲಿಸುತ್ತಾನೆ ಈ ದೊರೆ ಎಂಬ ಭಯ ಅವರಿಗೆ. ಇದನ್ನು ತಮಾಷೆಯ ಧಾಟಿಯಲ್ಲಿ ಬರೆದಿಟ್ಟವರು ಥರ್ಸ್ಟನ್ನರೇ. 1909ರಲ್ಲಿ ಏಳು ಸಂಪುಟಗಳಲ್ಲಿ ಬಂದ ಅವರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥ ಇಂದಿಗೂ ನಮ್ಮ ಪಿಎಚ್.ಡಿ. ಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ಗಟ್ಟಿಯಾಗಿ ಕುಳಿತಿದೆ. ಮೈಸೂರು ಸಂಸ್ಥಾನದಲ್ಲಿ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ಬಂದ ಸಂಪುಟಗಳೂ ಅದೇ ಪರಂಪರೆಯವು. ಓಡಿದ ಹೆಂಗಸರ ಮುಗ್ಧತೆಗೆ ನಕ್ಕವರೇ ಹೆಚ್ಚು. ನನಗಂತೂ ಅವರು ಜನರನ್ನು ಅಳೆಯುವ ಈ ವಿದ್ಯೆಯ ಮೊದಲ ವಿಮರ್ಶಕರಂತೆ ಕಾಣುತ್ತಾರೆ.

ಅಂಚಿನ ಸಮುದಾಯಗಳನ್ನು ಒಳಗೊಳ್ಳುವ ಸಂಶೋಧನೆಯ ಚರಿತ್ರೆಯನ್ನು ವಿಧಾನಗಳು ಮೆಲ್ಲಗೆ ಸುಧಾರಿಸಿದ ಕಥೆಯಾಗಿ ಹೇಳುವುದು ವಾಡಿಕೆ. ಬಿಡಿಸಿ ನೋಡಿದರೆ, ಬಹುಪಾಲು ತಿರುವುಗಳಲ್ಲಿ ಮೊದಲು ಅಧ್ಯಯನಕ್ಕೊಳಗಾದವರು ತಿರುಗಿಬಿದ್ದಿದ್ದಾರೆ. ವಿದ್ವಾಂಸರು ನಿಯಮ ಬರೆದದ್ದು ಆಮೇಲೆ.

ಅಮೆರಿಕದ ಅಲಬಾಮಾದ ಟಸ್ಕೀಗಿಯಲ್ಲಿ ತಿರುಗಿಬೀಳುವ ಅವಕಾಶವೂ ಇರಲಿಲ್ಲ. 1932ರಿಂದ 1972ರವರೆಗೆ ಸರ್ಕಾರಿ ಆರೋಗ್ಯ ಇಲಾಖೆ ಅಲ್ಲಿನ ಸುಮಾರು 600 ಮಂದಿ ಕರಿಯ ಗಂಡಸರನ್ನು ಸುಮ್ಮನೆ ಗಮನಿಸುತ್ತ ಹೋಯಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಇತ್ತು. ರಕ್ತ ಕೆಟ್ಟಿದೆ, ಔಷಧ ಕೊಡುತ್ತೇವೆ ಎಂದು ನಂಬಿಸಿದರು. ಊಟದ, ಶವಸಂಸ್ಕಾರದ ಖರ್ಚಿನ ಆಸೆ ತೋರಿಸಿದರು. ಪೆನ್ಸಿಲಿನ್ ಕೈಗೆ ಬಂದ ಮೇಲೂ ಕೊಡಲಿಲ್ಲ. ಪತ್ರಿಕೆಗಳಲ್ಲಿ ಬಯಲಾದ ಮೇಲೆ ನಿಂತಿತು. ಸಂಶೋಧನೆಯ ನೈತಿಕತೆ ಕುರಿತ 1979ರ ಬೆಲ್ಮಾಂಟ್ ವರದಿ, ಒಪ್ಪಿಗೆ ಪತ್ರಕ್ಕೂ ನೈತಿಕ ಸಮಿತಿಗೂ ಬಂದ ಬಿಗಿ, ಎಲ್ಲವೂ ಆ ಹಗರಣದ ಬೆನ್ನಿಗೆ ಬಂದವು.

ರಕ್ಷಣೆಗೂ ಒಂದು ಅಡ್ಡ ಪರಿಣಾಮವಿತ್ತು. ಗರ್ಭಿಣಿಯರು ನುಂಗಿದ ಥಾಲಿಡೊಮೈಡ್ ಮಾತ್ರೆ ಹುಟ್ಟುವ ಮಕ್ಕಳಿಗೆ ಹಾನಿ ಮಾಡಿದ ದುರಂತದ ನೆನಪಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ, ಹೆರುವ ವಯಸ್ಸಿನ ಹೆಂಗಸರನ್ನು ಔಷಧ ಪ್ರಯೋಗಗಳ ಆರಂಭಿಕ ಹಂತದಿಂದ ಹೊರಗಿಡಿ ಎಂದಿತು. ಗಂಡಸರ ಮೈಮೇಲೆ ಪರೀಕ್ಷಿಸಿ ಪ್ರಮಾಣ ಗೊತ್ತುಮಾಡಿದ ಮಾತ್ರೆಗಳನ್ನು ಹೆಂಗಸರು ನುಂಗುತ್ತ ಬಂದರು. ಸರ್ಕಾರಿ ದುಡ್ಡಿನ ಪ್ರಯೋಗಗಳಲ್ಲಿ ಹೆಂಗಸರನ್ನೂ ಅಲ್ಪಸಂಖ್ಯಾತರನ್ನೂ ಸೇರಿಸಲೇಬೇಕೆಂದು 1993ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು.

ತಲೆ ಎಣಿಸಿ ಸೇರಿಸಿಕೊಂಡರೆ ಮುಗಿಯಿತೇ? ಇಂಗ್ಲೆಂಡಿನ ಲೆ ಕೋರ್ಟ್ ವಸತಿನಿಲಯದ ಕಥೆ ಇಲ್ಲಿ ನೆನಪಾಗುತ್ತದೆ. 1960ರ ದಶಕದಲ್ಲಿ ಅಲ್ಲಿನ ಅಂಗವಿಕಲ ನಿವಾಸಿಗಳು, ನಮ್ಮ ದಿನಚರಿ ನಾವೇ ಗೊತ್ತುಮಾಡಿಕೊಳ್ಳುತ್ತೇವೆ ಎಂದು ಆಡಳಿತದೊಡನೆ ಜಗಳಕ್ಕೆ ನಿಂತಿದ್ದರು. ತಮಗೆ ಬಲ ಬಂದೀತೆಂದು ಸಂಶೋಧಕರನ್ನು ತಾವಾಗಿಯೇ ಕರೆಸಿಕೊಂಡರು. ಬಂದವರು ಎರಿಕ್ ಮಿಲ್ಲರ್ ಮತ್ತು ಜೆರಾಲ್ಡಿನ್ ಗ್ವಿನ್. 1972ರಲ್ಲಿ ಅವರ ಪುಸ್ತಕ ಬಂತು. ಇಲ್ಲಿರುವವರು ಸಮಾಜದ ಪಾಲಿಗೆ ಆಗಲೇ ಸತ್ತವರು, ನಿಜವಾದ ಸಾವು ಬರುವವರೆಗೆ ಅವರನ್ನು ನಿಭಾಯಿಸುವುದೇ ಇಂಥ ಸಂಸ್ಥೆಗಳ ಕೆಲಸ ಎಂಬುದು ಅದರ ತಿರುಳು. ನಿವಾಸಿಗಳಲ್ಲೊಬ್ಬರಾಗಿದ್ದ ಪಾಲ್ ಹಂಟ್ ಇದಕ್ಕೆ ಬರೆದ ಉತ್ತರ ಅವರು ತೀರಿಕೊಂಡ ಮೇಲೆ, 1981ರಲ್ಲಿ ಅಚ್ಚಾಯಿತು. ತಟಸ್ಥರು ಎಂದು ಹೇಳಿಕೊಳ್ಳುತ್ತಲೇ ಆಡಳಿತದ ಕಡೆ ವಾಲಿದ ಪಂಡಿತರನ್ನು ಅವರು ಪರಾವಲಂಬಿಗಳೆಂದು ಕರೆದರು. ಅಂಗವಿಕಲ ವಿದ್ವಾಂಸ ಮೈಕ್ ಆಲಿವರ್ 1992ರಲ್ಲಿ ಮುಂದಿಟ್ಟ ವಾದಕ್ಕೆ, ಅಂದರೆ ಸಂಶೋಧನೆಯ ಯಜಮಾನಿಕೆಯೇ ಬದಲಾಗಬೇಕು ಎಂಬುದಕ್ಕೆ, ಬೇರು ಇಲ್ಲಿದೆ. ಬೌದ್ಧಿಕ ಅಂಗವೈಕಲ್ಯ ಇರುವವರೂ ಸಹಸಂಶೋಧಕರಾಗಬಲ್ಲರು ಎಂಬುದನ್ನು ಜ್ಯಾನ್ ವಾಮ್ಸ್ಲಿ, ಕೆಲ್ಲಿ ಜಾನ್ಸನ್ 2003ರಲ್ಲಿ ಒಂದು ಪುಸ್ತಕವಾಗಿಸಿದರು.

ಹಳ್ಳಿಗಾಡಿನ ಅಧ್ಯಯನದ ದಾರಿ ಬೇರೆ. ಪಟ್ಟಣದಿಂದ ಬರುವ ಪಂಡಿತರು ಡಾಂಬರು ರಸ್ತೆ ಬಿಟ್ಟಿಳಿಯುವುದಿಲ್ಲ, ಮಳೆಗಾಲದಲ್ಲಿ ಬರುವುದಿಲ್ಲ, ಗಂಡಸರನ್ನೂ ಊರ ಮುಖಂಡರನ್ನೂ ಬಿಟ್ಟು ಇತರರನ್ನು ಮಾತಾಡಿಸುವುದಿಲ್ಲ ಎಂದು ರಾಬರ್ಟ್ ಚೇಂಬರ್ಸ್ 1983ರಲ್ಲೇ ಬರೆದರು. ಹಸಿವು, ಕಾಯಿಲೆ, ಸಾಲ ಒಟ್ಟಿಗೆ ಬರುವ ಮಳೆಗಾಲವೇ ಅಂಕಿಅಂಶದಿಂದ ಬಿಟ್ಟುಹೋದರೆ ಬಡತನದ ಲೆಕ್ಕ ಎಷ್ಟು ಸರಿ? ಇದಕ್ಕೆ ಮದ್ದಾಗಿ ಬಂದ ಸಹಭಾಗಿ ಗ್ರಾಮೀಣ ಸಮೀಕ್ಷೆಯನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆಯೂ ಒಂದು. ಊರಿನವರೇ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಕೆರೆ, ಕಾಲುವೆ, ಕೇರಿ ಬಿಡಿಸುವುದು, ಬೀಜ ಎಣಿಸಿಟ್ಟು ಯಾವ ತಿಂಗಳಲ್ಲಿ ಕೂಲಿ ಎಷ್ಟು ಎಂದು ತೋರಿಸುವುದು: ಅಕ್ಷರ ಬಾರದವರಿಗೂ ಕೈಹಾಕುವ ಅವಕಾಶ. ಆದರೆ ಆ ನಕ್ಷೆ ಬಿಡಿಸುವುದು ಊರ ನಡುವೆ, ಎಲ್ಲರ ಕಣ್ಣೆದುರಿಗೆ. ಅಲ್ಲಿ ಹೆಂಗಸರ ದನಿ ಏಳುವುದಿಲ್ಲ ಎಂದು ಮಾನವಶಾಸ್ತ್ರಜ್ಞ ಡೇವಿಡ್ ಮೊಸ್ ಎಚ್ಚರಿಸಿದರು. ಮುಂದೆ ಯೋಜನೆಗಳ ಕಡತಕ್ಕೆ ಒಂದು ಫೋಟೊ ಸೇರಿಸಲಷ್ಟೇ ರಂಗೋಲಿ ಪುಡಿ ಬಳಕೆಯಾದದ್ದೂ ಉಂಟು.

ಬಯಲಿಗೆ ಬಂದರೆ ಅಪಾಯವಿರುವವರನ್ನು ಹುಡುಕಲು ಸಮಾಜಶಾಸ್ತ್ರಜ್ಞ ಡಗ್ಲಾಸ್ ಹೆಕಥಾರ್ನ್ 1997ರಲ್ಲಿ ಒಂದು ಉಪಾಯ ಹೂಡಿದರು: ಸಂದರ್ಶನ ಕೊಟ್ಟವರ ಕೈಗೆ ಎರಡು-ಮೂರು ಕೂಪನ್, ಅವರು ಕಳುಹಿಸಿದ ಗೆಳೆಯರು ಬಂದರೆ ಇಬ್ಬರಿಗೂ ಸ್ವಲ್ಪ ಹಣ. ಜಾಣ ಉಪಾಯವೇ, ಆದರೆ ಪ್ರಶ್ನೆ ಬರೆಯುವವರು ಹಳಬರೇ.

ಪ್ರಶ್ನೆಯ ಮೇಲೇ ಜಗಳ ಎದ್ದದ್ದು ಕಾಂಬೋಡಿಯಾದಲ್ಲಿ. ಎಚ್‌ಐವಿ ತಗಲದಂತೆ ಮುಂಚಿತವಾಗಿ ನುಂಗುವ ಮಾತ್ರೆಯೊಂದನ್ನು ಅಲ್ಲಿನ ಲೈಂಗಿಕ ಕಾರ್ಯಕರ್ತೆಯರ ಮೇಲೆ ಪ್ರಯೋಗಿಸುವುದಿತ್ತು. ಅಡ್ಡ ಪರಿಣಾಮವಾದರೆ ನಮ್ಮನ್ನು ನೋಡಿಕೊಳ್ಳುವವರು ಯಾರು, ದೀರ್ಘಾವಧಿಯ ವಿಮೆ ಕೊಡಿ ಎಂದು ಅವರ ಸಂಘಟನೆ ಪಟ್ಟು ಹಿಡಿಯಿತು; 2004ರಲ್ಲಿ ಸರ್ಕಾರ ಪ್ರಯೋಗವನ್ನೇ ನಿಲ್ಲಿಸಿತು. ಅದೇ ಬಗೆಯ ಮಾತ್ರೆ ಒಂದು ದಶಕದ ಬಳಿಕ ಭಾರತಕ್ಕೆ ಬಂದಾಗ ಅದರ ಪ್ರಯೋಗ ನಡೆಸಿದವರು ಮೈಸೂರಿನ ಆಶೋದಯ ಸಮಿತಿ ಮತ್ತು ಕೋಲ್ಕತ್ತದ ದುರ್ಬಾರ್, ಎರಡೂ ಲೈಂಗಿಕ ಕಾರ್ಯಕರ್ತೆಯರದೇ ಸಂಘಟನೆಗಳು. ಮೊದಲು ತಿಂಗಳುಗಟ್ಟಲೆ ಚರ್ಚೆ. ಎಚ್‌ಐವಿ ಇರುವವರು ನುಂಗುವ ಮಾತ್ರೆಯನ್ನೇ ನಾವೂ ನುಂಗಿದರೆ ಮನೆಯವರು, ಗಿರಾಕಿಗಳು ಏನಂದುಕೊಂಡಾರು? ಕಾಂಡೋಮ್ ಬೇಡ ಎನ್ನುವವರಿಗೆ ನೆಪ ಸಿಕ್ಕಿಬಿಟ್ಟರೆ? ಇಂಥ ಪ್ರಶ್ನೆ ಹೊರಗಿನವರ ನಮೂನೆಯಲ್ಲಿ ಹುಟ್ಟುವುದು ಕಷ್ಟ. ಎರಡೂ ಊರು ಸೇರಿ ಸಾವಿರಕ್ಕೂ ಹೆಚ್ಚು ಹೆಂಗಸರು ಸೇರಿದರು, ಬಹುಪಾಲು ಕೊನೆಯವರೆಗೂ ಉಳಿದರು. ಈ ಇಡೀ ಚರಿತ್ರೆಯಲ್ಲಿ ನನಗೆ ಹೆಚ್ಚು ಭರವಸೆ ಕೊಡುವ ಅಧ್ಯಾಯ ಇದು.

ಕೊಟ್ಟ ಮಾಹಿತಿ ಯಾರ ಸ್ವತ್ತು ಎಂಬ ತಕರಾರು ತಡವಾಗಿ ಎದ್ದಿತು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ತಳದಲ್ಲಿ, ಇಂದಿಗೂ ಹೇಸರಗತ್ತೆಗಳು ಅಂಚೆ ಹೊರುವ ಸುಪಾಯಿ ಎಂಬ ಊರಿನಲ್ಲಿ ಹವಸುಪಾಯಿ ಬುಡಕಟ್ಟಿನವರಿದ್ದಾರೆ. ಸಕ್ಕರೆ ಕಾಯಿಲೆಯ ಕಾರಣ ಹುಡುಕುತ್ತೇವೆ ಎಂದಾಗ 1990ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರಿಗೆ ರಕ್ತ ಕೊಟ್ಟರು. 2003ರಲ್ಲಿ ಅಲ್ಲೇ ಒಂದು ಡಾಕ್ಟರೇಟ್ ಪ್ರಬಂಧದ ಮಂಡನೆಗೆ ಆ ಬುಡಕಟ್ಟಿನ ಕಾರ್ಲೆಟಾ ಟಿಲೂಸಿ ಹೋಗಿ ಕುಳಿತರು. ತೆರೆಯ ಮೇಲೆ ಓಡುತ್ತಿದ್ದದ್ದು ತಮ್ಮವರದೇ ರಕ್ತದ ವಿಶ್ಲೇಷಣೆ, ಸಕ್ಕರೆ ಕಾಯಿಲೆಯ ಸುಳಿವೇ ಇಲ್ಲ. ಮಂಡನೆ ಮುಗಿದ ಮೇಲೆ ಎದ್ದು, ಇದಕ್ಕೆ ಅನುಮತಿ ತೆಗೆದುಕೊಂಡಿದ್ದೀರಾ ಎಂದು ಕೇಳಿದರು. ಸ್ಕಿಜೋಫ್ರೇನಿಯಾ, ಒಳಸಂಬಂಧದ ಮದುವೆ, ಪೂರ್ವಜರ ವಲಸೆ ಎಂದು ಅದೇ ರಕ್ತ ಎಲ್ಲೆಲ್ಲೋ ಹರಿದದ್ದು ಹೊರಬಿತ್ತು. 2010ರಲ್ಲಿ ವಿಶ್ವವಿದ್ಯಾಲಯ 41 ಮಂದಿಗೆ 7 ಲಕ್ಷ ಡಾಲರ್ ಕೊಟ್ಟು ರಕ್ತದ ಮಾದರಿಗಳನ್ನೂ ಹಿಂದಿರುಗಿಸಿತು. ದಕ್ಷಿಣ ಆಫ್ರಿಕಾದ ಸಾನ್ ಜನ 2017ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮಲ್ಲಿಗೆ ಬರುವ ಸಂಶೋಧಕರಿಗೆ ನೀತಿಸಂಹಿತೆಯನ್ನು ತಾವೇ ಬರೆದರು.

ನಮ್ಮ ನೆಲದಲ್ಲಿ 2009–10ರ ಖಮ್ಮಂ (ಆಗ ಆಂಧ್ರಪ್ರದೇಶದಲ್ಲಿದ್ದ ಜಿಲ್ಲೆ) ಪ್ರಕರಣ ಮರೆಯುವಂಥದ್ದಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆಯಲ್ಲಿ ಹಾಸ್ಟೆಲ್‌ನಲ್ಲಿದ್ದ ಆದಿವಾಸಿ ಹುಡುಗಿಯರ ಅಪ್ಪ ಅಮ್ಮಂದಿರ ಬದಲು ವಾರ್ಡನ್‌ಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಲಸಿಕೆಯಿಂದ ಸಾವಾಯಿತೆಂಬ ಆರೋಪ ಸಾಬೀತಾಗಲಿಲ್ಲ. ಸಹಿಯ ವಿಷಯ ಮಾತ್ರ 2013ರಲ್ಲಿ ಸಂಸದೀಯ ಸಮಿತಿಯ ಕಟು ಟೀಕೆಗೆ ಗುರಿಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ದುರ್ಬಲ ಗುಂಪುಗಳಿಗೆಂದೇ ಒಂದು ಅಧ್ಯಾಯ ಇಟ್ಟಿದೆ, ನೈತಿಕ ಸಮಿತಿಯಲ್ಲಿ ಒಬ್ಬ ಸಾಮಾನ್ಯ ವ್ಯಕ್ತಿ ಇರಬೇಕೆಂದೂ ಹೇಳುತ್ತದೆ. ಆ ವ್ಯಕ್ತಿಯ ಮುಂದೆ ಪ್ರಸ್ತಾವ ಬರುವ ಹೊತ್ತಿಗೆ ಪ್ರಶ್ನೆ, ಬಜೆಟ್, ಗಡುವು ಎಲ್ಲವೂ ಗೊತ್ತಾಗಿರುತ್ತವೆ. ಪ್ರಸ್ತಾವ ಬರೆಯುವ ಮೊದಲು ಹಾಡಿಗೋ ಕೇರಿಗೋ ಹೋಗಿ ನಾಲ್ಕು ಸಲ ಕೂತು ಮಾತಾಡಲು ಬಸ್ ಚಾರ್ಜು, ಅಲ್ಲಿ ಕೂತವರಿಗೆ ತಪ್ಪಿದ ದಿನದ ಕೂಲಿ, ಇದನ್ನು ಯಾವ ಬಾಬಿನಲ್ಲಿ ತೋರಿಸಬೇಕು ಎಂದು ಕೇಳಿದರೆ ಲೆಕ್ಕಪತ್ರ ವಿಭಾಗ ಕೈಚೆಲ್ಲುತ್ತದೆ. ಲ್ಯಾಪ್‌ಟಾಪಿಗೆ, ಸೆಮಿನಾರಿನ ಊಟಕ್ಕೆ ಮಾತ್ರ ಬೇರೆ ಬೇರೆ ಬಾಬು ಇವೆ.