ಅತಿ ಹಗುರ ಸಸ್ತನಿಯ ತೂಕ: ಒಂದು ಐತಿಹಾಸಿಕ ವಿವೇಚನೆ

ಪ್ರಾಣಿಶಾಸ್ತ್ರದ ಪಠ್ಯಗ್ರಂಥಗಳಲ್ಲಿ ನೀಲಿ ತಿಮಿಂಗಿಲಕ್ಕೆ ದೊರೆಯುವ ಸ್ಥಳ ಅತಿ ಚಿಕ್ಕ ಸಸ್ತನಿಗೆ ದೊರೆಯುವುದಿಲ್ಲ. ಆದರೆ ಶರೀರಕ್ರಿಯಾಶಾಸ್ತ್ರದ ಇತಿಹಾಸವನ್ನು ಅವಲೋಕಿಸಿದರೆ, ವಿದ್ವಾಂಸರಿಗೆ ಹೆಚ್ಚು ತೊಡಕನ್ನು ಒಡ್ಡಿದುದು ಚಿಕ್ಕದೇ ಎಂಬುದು ತಿಳಿಯುತ್ತದೆ. ಬಿಸಿರಕ್ತದ ಪ್ರಾಣಿಯೊಂದು ಎಷ್ಟು ಹಗುರವಾಗಿದ್ದು ಬದುಕಬಲ್ಲುದು? ಈ ಪ್ರಶ್ನೆಗೆ 1948ರಲ್ಲಿ ಒಂದು ಉತ್ತರ ಪ್ರಕಟವಾಯಿತು. ಆ ಉತ್ತರವು ಅಸಾಧ್ಯವೆಂದು ತೋರಿಸಿದ ತೂಕದ ಪ್ರಾಣಿಗೆ ಅದಕ್ಕೂ 126 ವರ್ಷಗಳ ಹಿಂದೆಯೇ ನಾಮಕರಣವಾಗಿತ್ತು. ಈ ವಿಸಂಗತಿ ಹೇಗೆ ಒದಗಿತೆಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡುತ್ತೇವೆ.

ಇಟಲಿಯ ಪೀಸಾ ನಗರದ ಪ್ರಾಣಿಶಾಸ್ತ್ರಜ್ಞ ಪಾವೋಲೋ ಸಾವಿ 1822ರಲ್ಲಿ ಒಂದು ಹೊಸ ಸುಂಡಿಲಿಯನ್ನು ವರ್ಣಿಸಿ, ಆ ಪ್ರಾಂತದಲ್ಲಿ ಪೂರ್ವಕಾಲದಲ್ಲಿ ನೆಲಸಿದ್ದ ಎಟ್ರಸ್ಕನ್ ಜನರ ಹೆಸರನ್ನು ಅದಕ್ಕೆ ಇಟ್ಟನು. ಈಗ ಇದು ಸುಂಕಸ್ ಎಟ್ರಸ್ಕಸ್ ಎನಿಸಿಕೊಂಡಿದೆ. ನಮ್ಮ ಮನೆಗಳ ಮೂಲೆಗಳಲ್ಲಿ ರಾತ್ರಿ ಸುಳಿದಾಡಿ ವಾಸನೆ ಬಿಟ್ಟುಹೋಗುವ ಸುಂಡಿಲಿಯೂ ಇದೇ ಜಾತಿಗೆ ಸೇರಿದುದು. ಆದರೆ ಅದರ ತೂಕ ಹಲವು ಹತ್ತು ಗ್ರಾಂ. ಸಾವಿಯ ಸುಂಡಿಲಿಯ ಸರಾಸರಿ ತೂಕವಾದರೋ 2 ಗ್ರಾಂಗಿಂತ ಸ್ವಲ್ಪ ಕಡಮೆ. ಅಕ್ಕಸಾಲಿಗರ ಹಳೆಯ ಲೆಕ್ಕದಲ್ಲಿ ಹೇಳುವುದಾದರೆ, ಗುಲಗಂಜಿಯೊಂದಕ್ಕೆ ಸುಮಾರು 0.12 ಗ್ರಾಂ ಎಂದು ಹಿಡಿದು, ಹದಿನೈದು ಗುಲಗಂಜಿಗಳನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಿದರೆ ಸರಿಹೋದೀತು. ಇದು ಯುರೋಪಿಗೆ ಮಾತ್ರ ಸೀಮಿತವಾದ ಪ್ರಾಣಿಯೂ ಅಲ್ಲ. ಮೆಡಿಟರೇನಿಯನ್ ತೀರದಿಂದ ದಕ್ಷಿಣ ಏಷ್ಯದವರೆಗೆ ಹರಡಿದೆ. ಕ್ಯುವಿಯೇಯ ಶಿಷ್ಯನಾದ ಡುವೆರ್ನಾಯ್ 1842ರಲ್ಲಿ ನೀಲಗಿರಿಯ ಕಿರುಸುಂಡಿಲಿಯನ್ನು ಬೇರೆ ಪ್ರಭೇದವೆಂದು ಬಗೆದು, ಪೆರೋಟೆ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನ ಹೆಸರಿನಿಂದ ಕರೆದನು. ಆ ಹೆಸರು ಈಗ ಎಟ್ರಸ್ಕಸ್‌ನಲ್ಲಿಯೇ ಅಡಗಿಹೋಗಿದೆ.

ಹತ್ತೊಂಬತ್ತನೆಯ ಶತಮಾನದ ವರ್ಗೀಕರಣಕಾರರಿಗೆ ಮುಖ್ಯವಾದುದು ಉದ್ದ, ಬಾಲ, ಹಲ್ಲು, ತಲೆಬುರುಡೆಗಳು. ತೂಕಕ್ಕೆ ಅಂತಹ ಮಾನ್ಯತೆ ಇರಲಿಲ್ಲ. ಇರದಿದ್ದುದಕ್ಕೆ ಕಾರಣವೂ ಉಂಟು. ಸುಲಿದು ಒಣಗಿಸಿದ ಚರ್ಮವನ್ನು ತೂಗಿ ಪ್ರಯೋಜನವಿಲ್ಲ. ಮದ್ಯಸಾರದಲ್ಲಿ ನೆನೆದ ದೇಹವೂ ಜೀವಂತ ತೂಕವನ್ನು ಹೇಳದು. ಜೀವಂತ ಪ್ರಾಣಿಯನ್ನು ತೂಗಿದರೂ ಹೊಟ್ಟೆ ತುಂಬಿದೆಯೇ, ಹೆಣ್ಣು ಗಬ್ಬವಾಗಿದೆಯೇ ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಎಟ್ರಸ್ಕನ್ ಸುಂಡಿಲಿಯ ತೂಕ ಗ್ರಂಥಗಳಲ್ಲಿ 1.2ರಿಂದ 2.7 ಗ್ರಾಂವರೆಗೆ ಹರಡಿಕೊಂಡಿರುವುದು ಹೀಗಾಗಿಯೇ. ಅರ್ಧ ಗ್ರಾಂ ವ್ಯತ್ಯಾಸ ಆನೆಯ ವಿಷಯದಲ್ಲಿ ಏನೂ ಅಲ್ಲ. ಇಲ್ಲಿ ಅದು ಇಡೀ ದೇಹದ ಕಾಲುಭಾಗ.

ತೂಕಕ್ಕೆ ಬೆಲೆ ತಂದುಕೊಟ್ಟವರು ಶರೀರಕ್ರಿಯಾಶಾಸ್ತ್ರಜ್ಞರು. ಘನಾಕೃತಿಯೊಂದರ ಬದಿಯನ್ನು ಅರ್ಧಕ್ಕೆ ಇಳಿಸಿದರೆ ಗಾತ್ರ ಎಂಟನೆಯ ಒಂದು ಪಾಲಾಗುತ್ತದೆ, ಮೇಲ್ಮೈಯಾದರೋ ನಾಲ್ಕನೆಯ ಒಂದು ಪಾಲಿಗೆ ನಿಲ್ಲುತ್ತದೆ. ದೇಹ ಚಿಕ್ಕದಾದಷ್ಟೂ ಪ್ರತಿ ಗ್ರಾಂ ಮಾಂಸಕ್ಕೆ ಶಾಖ ಸೋರುವ ಮೇಲ್ಮೈ ಹೆಚ್ಚು. ನಾಯಿಗಳ ಮೇಲೆ ಪ್ರಯೋಗ ನಡೆಸಿದ ಜರ್ಮನಿಯ ಮಾಕ್ಸ್ ರುಬ್ನರ್ 1883ರಲ್ಲಿ ಶಾಖೋತ್ಪತ್ತಿಯನ್ನು ಮೇಲ್ಮೈಗೆ ಜೋಡಿಸಿದನು. 1932ರಲ್ಲಿ ಮಾಕ್ಸ್ ಕ್ಲೈಬರ್ ಈ ಲೆಕ್ಕವನ್ನು ತಿದ್ದಿ, ಚಯಾಪಚಯವು ತೂಕದ ಮುಕ್ಕಾಲು ಘಾತವನ್ನು ಅನುಸರಿಸುತ್ತದೆಂದನು. ಮುಂದೆ ಭಾರತವನ್ನೇ ತನ್ನ ದೇಶವಾಗಿ ಮಾಡಿಕೊಂಡು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನ್, 1926ರಷ್ಟು ಹಿಂದೆಯೇ ಈ ತತ್ತ್ವವನ್ನು ಸಾಮಾನ್ಯ ಓದುಗರಿಗೆ ಮನದಟ್ಟಾಗುವಂತೆ ವಿವರಿಸಿದ್ದನು.

ಅಮೆರಿಕದ ಆಲಿವರ್ ಪಿಯರ್ಸನ್ ಇದನ್ನು ಕೊನೆಯ ಮಿತಿಯವರೆಗೆ ಎಳೆದನು. ಸುಂಡಿಲಿಗಳೇ ಮೊದಲಾದ ಸಣ್ಣ ಸಸ್ತನಿಗಳು ಬಳಸುವ ಆಮ್ಲಜನಕವನ್ನು ಅಳೆದು, ತೂಕ ಇಳಿದಂತೆ ಬಳಕೆ ಏರುವ ರೇಖೆಯನ್ನು ಬರೆದಾಗ, ಅದು 2.5 ಗ್ರಾಂ ಸಮೀಪದಲ್ಲಿ ಬಹುಮಟ್ಟಿಗೆ ನೆಟ್ಟಗೆ ಮೇಲೇಳುವಂತೆ ಕಂಡಿತು. ಅದಕ್ಕಿಂತ ಹಗುರವಾದ ಸಸ್ತನಿ ಬಿಡುವಿಲ್ಲದೆ ತಿಂದರೂ ತನ್ನ ಒಲೆಗೆ ಸೌದೆ ಒದಗಿಸಲಾರದು ಎಂಬುದು 1948ರ ಅವನ ಪ್ರಬಂಧದ ತೀರ್ಮಾನ. ಅವನ ಅಳತೆಗಳು ಎಚ್ಚರಿಕೆಯವು; ಅದರಲ್ಲಿ ನಮಗೆ ಸಂದೇಹವಿಲ್ಲ. ದೋಷವಿದ್ದುದು ಅಳೆದ ಪ್ರಾಣಿಗಳಿಂದಾಚೆಗೆ ರೇಖೆಯನ್ನು ಮುಂದುವರಿಸಿದುದರಲ್ಲಿ. ವರ್ಗೀಕರಣಕಾರರ ಕಪಾಟಿನಲ್ಲಿದ್ದ ಪ್ರಾಣಿ ಶರೀರಕ್ರಿಯಾಶಾಸ್ತ್ರದ ರೇಖೆಯ ಮೇಲೆ ಬಿಂದುವಾಗಿ ಬಂದಿರಲಿಲ್ಲ.

ಆ ಬಿಂದು ದೊರೆತಾಗ ಒಲೆಯ ಗುಟ್ಟೂ ಹೊರಬಂದಿತು. ಸ್ವಿಟ್ಜರ್ಲೆಂಡಿನ ಫೋಗೆಲ್ 1974ರಲ್ಲಿ, ಈ ಸುಂಡಿಲಿಯು ದೇಹದ ಉಷ್ಣತೆಯನ್ನು ಇಳಿಸಿ ಜಡವಾಗಿ ಮಲಗಿ, ಮತ್ತೆ ತಾನಾಗಿ ಬಿಸಿಯೇರಬಲ್ಲುದೆಂಬುದನ್ನು ತೋರಿಸಿದನು. ಉಣಿಸು ದೊರೆಯದ ಹೊತ್ತಿನಲ್ಲಿ ಒಲೆಯನ್ನೇ ತಗ್ಗಿಸುವ ಉಪಾಯವಿದು. ಎಚ್ಚರವಾಗಿರುವಾಗ ಮಾತ್ರ ಮಿತವ್ಯಯವೆಂಬುದೇ ಇಲ್ಲ. ಯೂರ್ಗೆನ್ಸ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಳತೆಗಳಂತೆ ಇದರ ಹೃದಯ ನಿಮಿಷಕ್ಕೆ 1,511 ಸಲದವರೆಗೆ, ಎಂದರೆ ಕ್ಷಣವೊಂದಕ್ಕೆ ಇಪ್ಪತ್ತೈದು ಸಲ, ಬಡಿಯುತ್ತದೆ; ಉಸಿರಾಟ ನಿಮಿಷಕ್ಕೆ 900ರ ಸಮೀಪಕ್ಕೆ ಏರುತ್ತದೆ. ಹೃದಯದ ತೂಕ ದೇಹದ ತೂಕದಲ್ಲಿ ನೂರಕ್ಕೆ 1.2 ಪಾಲು, ಗಾತ್ರದ ನಿಯಮದಿಂದ ನಿರೀಕ್ಷಿಸಬೇಕಾದುದರ ಎರಡರಷ್ಟು. ಹೀಗೆ ಎರಡು ಗ್ರಾಂ ದೇಹ ನಿಯಮವನ್ನು ಮುರಿಯಲಿಲ್ಲ, ಅದಕ್ಕೆ ತಕ್ಕ ಯಂತ್ರವನ್ನು ಕಟ್ಟಿಕೊಂಡಿತು.

ಫೋಗೆಲನ ಪ್ರಬಂಧದ ವರ್ಷದಲ್ಲಿಯೇ ಪ್ರತಿಸ್ಪರ್ಧಿಯೊಂದು ಕಾಣಿಸಿಕೊಂಡಿತು. ಥಾಯ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಕಿಟ್ಟಿ ಥಾಂಗ್‌ಲಾಂಗ್ಯ 1973ರಲ್ಲಿ ಕಾಂಚನಬುರಿ ಪ್ರಾಂತದ ಸುಣ್ಣಕಲ್ಲಿನ ಗುಹೆಗಳಲ್ಲಿ ಒಂದು ಕಿರುಬಾವಲಿಯನ್ನು ಕಂಡಿದ್ದನು. 1974ರ ಆರಂಭದಲ್ಲಿ ಅವನು ಅಕಾಲಮರಣಕ್ಕೆ ಈಡಾದನು. ಲಂಡನ್ನಿನ ಜಾನ್ ಎಡ್ವರ್ಡ್ಸ್ ಹಿಲ್ ಅದೇ ವರ್ಷ ಅದನ್ನು ವರ್ಣಿಸಿ, ಹೊಸ ಕುಟುಂಬವನ್ನೇ ಕಲ್ಪಿಸಿ, ಪ್ರಭೇದಕ್ಕೆ ಗತಿಸಿದ ಸಹೋದ್ಯೋಗಿಯ ಹೆಸರನ್ನು ಕೊಟ್ಟನು. ಇದರ ದೇಹದ ಉದ್ದ 29ರಿಂದ 33 ಮಿಲಿಮೀಟರ್, ತೂಕ ಸುಮಾರು 2 ಗ್ರಾಂ. ಸುಂಡಿಲಿ ಬಾಲವನ್ನು ಬಿಟ್ಟೇ 35 ಮಿಲಿಮೀಟರಿಗಿಂತ ಕಡಮೆಯಿಲ್ಲ. ಆದುದರಿಂದ ಉದ್ದದಲ್ಲಿ ಬಾವಲಿ ಚಿಕ್ಕದು, ತೂಕದಲ್ಲಿ ಸುಂಡಿಲಿ. ಅತಿ ಚಿಕ್ಕದು ಯಾವುದೆಂದು ಪರೀಕ್ಷೆಯಲ್ಲಿ ಕೇಳುವ ಅಧ್ಯಾಪಕರು ಯಾವ ಅಳತೆಯಲ್ಲಿ ಎಂಬುದನ್ನೂ ಸೇರಿಸುವುದು ನ್ಯಾಯವೆಂದು ನಮಗೆ ತೋರುತ್ತದೆ.

ಇನ್ನು ಗತಜೀವಿಗಳ ಸರದಿ. ಅಮೆರಿಕದ ವಯೋಮಿಂಗ್‌ನಲ್ಲಿ ದೊರೆತು 1998ರಲ್ಲಿ ವರ್ಣಿತವಾದ ಬಾಟೊಡೊನಾಯ್ಡೀಸ್ ಎಂಬ ಕೀಟಾಹಾರಿ ಸುಮಾರು 5.3 ಕೋಟಿ ವರ್ಷಗಳ ಹಿಂದಿನದು. ಅದರ ತೂಕವನ್ನು ಸುಮಾರು 1.3 ಗ್ರಾಂ ಎಂದು ಅಂದಾಜು ಮಾಡಿದ್ದಾರೆ; ಪಿಯರ್ಸನ್ನನ ಮಿತಿಯ ಹೆಚ್ಚುಕಡಮೆ ಅರ್ಧ. ಆದರೆ ಈ ಸಂಖ್ಯೆಯನ್ನು ಸಾವಿಯ ಸುಂಡಿಲಿಯ ತೂಕದ ಪಕ್ಕದಲ್ಲಿ ಒಂದೇ ಪಟ್ಟಿಯಲ್ಲಿ ಬರೆಯುವಾಗ ಜಾಗರೂಕತೆ ಬೇಕು. ಅದನ್ನು ಯಾವ ತಕ್ಕಡಿಯೂ ತೂಗಿಲ್ಲ; ಅದು ದವಡೆಹಲ್ಲುಗಳ ಅಳತೆಯಿಂದ ಲೆಕ್ಕಹಾಕಿ ತೆಗೆದುದು.