ಬೆಂಚು, ಲೋಟ ಮತ್ತು ಮುಳಬಾಗಿಲು ದೋಸೆ

ಹಳೇ ಹೋಟೆಲುಗಳ ಬಗ್ಗೆ ನಮ್ಮಲ್ಲಿ ಬರೆಯುವವರು ಸಾಮಾನ್ಯವಾಗಿ ರುಚಿಯ ಹತ್ತಿರ ಬಂದು ನಿಂತುಬಿಡುತ್ತಾರೆ. ಮುಳಬಾಗಿಲು ದೋಸೆಯ ಮಾತು ಬಂದರಂತೂ ಮುಗಿದೇ ಹೋಯಿತು. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಕೆಂಪು ಚಟ್ನಿ, ಆಲೂಗಡ್ಡೆ ಪಲ್ಯ. ಬೆಂಗಳೂರಿನಿಂದ ಹೆದ್ದಾರಿ ಹಿಡಿದು ಬೆಳಿಗ್ಗೇನೇ ಬಂದು ತಿಂದು ಹೋಗುವವರಿದ್ದಾರೆ. ರುಚಿ ಸುಳ್ಳಲ್ಲ, ನನ್ನ ಬಾಯಲ್ಲೂ ನೀರೂರುತ್ತದೆ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೇರಿಗಳಿಂದ ಬಂದ ನಮ್ಮಂಥವರಿಗೆ ಹೋಟ್ಲು ಅಂದರೆ ನಾಲಿಗೆಗಿಂತ ಮೊದಲು ಕೂತ ಜಾಗ ನೆನಪಾಗುತ್ತದೆ. ಎಲ್ಲಿ ಕೂತೆವು, ಯಾವ ಲೋಟದಲ್ಲಿ ಕುಡಿದೆವು ಎಂಬಲ್ಲಿಂದಲೇ ನಮ್ಮ ಹೋಟೆಲಿನ ಚರಿತ್ರೆ ಶುರುವಾಗುತ್ತದೆ.

ಜಾತಿಯನ್ನು ಬೋರ್ಡಿನ ಮೇಲೇ ಬರೆದುಕೊಂಡ ಕಾಲವೊಂದಿತ್ತು. ಇಂದು ಹೆಸರುವಾಸಿಯಾದ ಬೆಂಗಳೂರಿನ ಮಾವಳ್ಳಿ ಟಿಫನ್ ರೂಮ್ಸ್ 1924ರಲ್ಲಿ ಶುರುವಾದದ್ದು ಬ್ರಾಹ್ಮಣ್ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ. ಈಗಿನ ಹೆಸರು ಬಂದದ್ದು 1960ರಲ್ಲಿ. ಪಕ್ಕದ ಮದರಾಸಿನಲ್ಲಿ 1957ರಲ್ಲಿ ಪೆರಿಯಾರ್ ಮತ್ತು ಅವರ ಅನುಯಾಯಿಗಳು ಹೋಟೆಲಿನ ಬೋರ್ಡಿನಿಂದ 'ಬ್ರಾಹ್ಮಣ' ಎಂಬ ಪದ ತೆಗೆಯಿರಿ ಎಂದು ಚಳವಳಿ ಹೂಡಿದರು. ಅಮೆರಿಕದ ಗ್ರೀನ್ಸ್‌ಬರೊದಲ್ಲಿ 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು, ಕೊಡದಿದ್ದರೂ ಏಳಲಿಲ್ಲ. ಜುಲೈ ಹೊತ್ತಿಗೆ ಆ ಕೌಂಟರು ಕಪ್ಪು ಜನರಿಗೂ ತೆರೆಯಿತು. ಒಂದು ಲೋಟ ಕಾಫಿಗೆ ಇಷ್ಟೊಂದು ಹೋರಾಟವೇ ಎಂದು ಕೇಳುವವರು ಕೂರುವ ಹಕ್ಕನ್ನು ಎಂದೂ ಕಳೆದುಕೊಂಡವರಲ್ಲ.

ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. 15ನೇ ವಿಧಿ ಅಂಗಡಿ, ಹೋಟೆಲುಗಳ ಹೆಸರೆತ್ತಿಯೇ ಪ್ರವೇಶದ ಮಾತಾಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೋಟೆಲಿನಲ್ಲಿ ಎಲ್ಲರಿಗೂ ಇಟ್ಟ ಪಾತ್ರೆಗಳನ್ನು ಬಳಸದಂತೆ ತಡೆಯುವುದೂ ಅಪರಾಧ ಎಂದಿತು. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರು ಬಂತು. ದೇಶದ ಕಾನೂನು ಲೋಟ ತಟ್ಟೆಗಳ ಬಗ್ಗೆ ಮಾತಾಡಬೇಕಾಗಿ ಬಂತಲ್ಲ, ನಮ್ಮ ಆತಿಥ್ಯದ ಪರಂಪರೆಯನ್ನು ಹೊಗಳುವವರು ಇದನ್ನು ಗಮನಿಸಬೇಕು.

ಕಾನೂನು ಬಂದರೂ ಹಳ್ಳಿ ಹೋಟ್ಲಿನ ಚಪ್ಪರಕ್ಕೆ ಸಿಕ್ಕಿಸಿದ ಬೇರೆ ಲೋಟ ಬೇಗ ಇಳಿಯಲಿಲ್ಲ. ಲೋಟಕ್ಕೂ ಮುಂಚೆ ತೆಂಗಿನ ಚಿಪ್ಪಿತ್ತು. ನಮ್ಮ ತಾತ ಹೇಳುತ್ತಿದ್ದರು: "ಚಿಪ್ಪು ನಾವೇ ತೊಳ್ಕೊಂಡು ಹಿಡೀಬೇಕಾಗಿತ್ತು, ಮೇಲಿಂದ ಉಯ್ಯೋರು. ಕಾಸಿಗೆ ಮಾತ್ರ ಮೈಲಿಗೆ ಇರ್ಲಿಲ್ಲ." ಇದೇ ತಾತ ಸಂತೆಗೋ ಕೋರ್ಟಿಗೋ ಪೇಟೆಗೆ ಹೋದಾಗ ಹೋಟೆಲಿನ ಬೆಂಚಿನ ಮೇಲೆ ಕೂತು ದೋಸೆ ತಿಂದು ಬರುತ್ತಿದ್ದರು. ಹೆದರಿಕೆ ಇರಲಿಲ್ಲವೆಂದಲ್ಲ. "ನಮ್ಮೂರೋರು ಯಾರಾದ್ರೂ ಒಳಗವ್ರಾ ಅಂತ ನೋಡ್ಕೊಂಡೇ ಕಾಲಿಡ್ತಿದ್ವಿ" ಎನ್ನುತ್ತಿದ್ದರು. ಪೇಟೆಯಲ್ಲಿ ಮುಖ ನೋಡಿ ಜಾತಿ ಹೇಳುವವರಿಲ್ಲ. ಸಪ್ಲೈಯರು ಬಂದು "ಏನ್ ಕೊಡ್ಲಿ ಯಜಮಾನ್ರೇ?" ಅಂತ ಕೇಳುತ್ತಾನೆ. ಊರಿನಲ್ಲಿ ಯಾರೂ ಯಜಮಾನ್ರೇ ಎನ್ನದ ಮನುಷ್ಯನಿಗೆ ಆ ಒಂದು ಮಾತಿನ ಬೆಲೆ ಎಷ್ಟಿರಬಹುದು? ಹಳೇ ಹೋಟೆಲಿನ ಮೇಲೆ ನಮ್ಮ ಹಿರಿಯರಿಗಿದ್ದ ಮೋಹವನ್ನು ನಾನು ಹೀಗೆ ಓದುತ್ತೇನೆ.

1970ರ ದಶಕದಲ್ಲಿ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಎದ್ದುನಿಂತ ದಲಿತ ಸಂಘರ್ಷ ಸಮಿತಿ ಈ ಜಿಲ್ಲೆಯಲ್ಲಿ ಆಳವಾಗಿ ಬೇರುಬಿಟ್ಟಿತು. ಹೆದರಿ ಕದ್ದು ಕೂರುವುದಕ್ಕೂ ಹಕ್ಕಿನಿಂದ ಕೂರುವುದಕ್ಕೂ ಇರುವ ವ್ಯತ್ಯಾಸವನ್ನು ಕಲಿಸಿದ್ದು ಚಳವಳಿಯೇ. ಆಮೇಲೆ ಪ್ಲಾಸ್ಟಿಕ್ ಲೋಟ, ಪೇಪರ್ ಲೋಟ ಬಂದವು. ಎರಡು ಲೋಟದ ಸಮಸ್ಯೆ ಎಷ್ಟೋ ಕಡೆ ಸದ್ದಿಲ್ಲದೆ 'ಬಗೆಹರಿಯಿತು'. ಎಲ್ಲರಿಗೂ ಬಿಸಾಡುವ ಲೋಟ ಕೊಟ್ಟರೆ ಒಬ್ಬರ ಎಂಜಲು ಇನ್ನೊಬ್ಬರು ತೊಳೆಯುವ ಪ್ರಶ್ನೆಯೇ ಇಲ್ಲ. ಇದು ಸಮಾನತೆಯೋ, ಸಮಾನತೆಯಿಂದ ತಪ್ಪಿಸಿಕೊಳ್ಳುವ ಅಗ್ಗದ ದಾರಿಯೋ? 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದನೆಂದು ಒಬ್ಬ ದಲಿತ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಲೋಟ ಬದಲಾದ ಮಾತ್ರಕ್ಕೆ ಮುಟ್ಟಿನ ಲೆಕ್ಕ ಬದಲಾಗಿಲ್ಲ. 2011ರ ಜನಗಣತಿಯಂತೆ ಸುಮಾರು ಶೇ. 30ರಷ್ಟು ಪರಿಶಿಷ್ಟ ಜಾತಿಯವರಿರುವ ಜಿಲ್ಲೆಯ ಕಥೆಯಿದು.

ಆದ್ದರಿಂದಲೇ ಪೇಟೆಯ ಹಳೇ ಹೋಟೆಲಿನ ಸ್ಟೀಲ್ ಲೋಟ ನನಗೆ ದೊಡ್ಡದಾಗಿ ಕಾಣುತ್ತದೆ. ಅದು ಬಾಯಿಂದ ಬಾಯಿಗೆ ಹೋಗುತ್ತದೆ. ತೊಳೆದು ಮತ್ತೆ ಬರುತ್ತದೆ. ನಾನು ಕುಡಿದದ್ದರಲ್ಲೇ ನನ್ನ ಪಕ್ಕ ಕೂತವನು ನಾಳೆ ಕುಡಿಯುತ್ತಾನೆ. ನೂರು ಭಾಷಣಗಳು ಮಾಡದ ಸಹಭೋಜನವನ್ನು ಅದು ದಿನಾ ಬೆಳಿಗ್ಗೆ ಮಾಡುತ್ತಿದೆ.

ಹಾಗಂತ ಹೋಟೆಲನ್ನು ಪಾವನಗೊಳಿಸುವುದು ಬೇಡ. ಬೆಂಚು ಸಿಕ್ಕಿತು, ಲೋಟ ಸಿಕ್ಕಿತು. ಒಲೆಯ ಮುಂದೆ ಯಾರು ನಿಂತಿದ್ದಾರೆ, ಹಿತ್ತಲಲ್ಲಿ ಯಾರು ಮುಸುರೆ ತಿಕ್ಕುತ್ತಿದ್ದಾರೆ, ಗಲ್ಲಾದಲ್ಲಿ ಯಾರು ಕೂತಿದ್ದಾರೆ ಎಂಬ ಪ್ರಶ್ನೆಗಳು ಉಳಿದಿವೆ. ನಮ್ಮ ಕೈಯ ದೋಸೆಯನ್ನು ಊರು ತಿನ್ನುತ್ತದೆಯೇ? ರುಚಿಯ ಬಗ್ಗೆ ಬರೆಯುವ ವಿಮರ್ಶಕರು ಒಮ್ಮೆ ಅಡಿಗೆಮನೆಗೂ ಹೋಗಿ ಬರಲಿ.